ತಾಳವಾಡಿ ಸೀಮೆಯಲ್ಲಿ ಶಾಲಾರಂಭ

ಸತ್ಯಮಂಗಲದ ಬಯಲಿನಿಂದ ಹೊರಟು, ಬಣ್ಣಾರಿಯಮ್ಮನ ಗುಡಿಯನ್ನು ಹಾದು, ದಿಂಬಂ ಘಟ್ಟದ ೨೭ ಕಡಿದಾದ ತಿರುವುಗಳನ್ನು ಏರಿ ಬಂದ ಪ್ರಯಾಣಿಕನಿಗೆ ಹಾಸನೂರನ್ನು ತಲಪುವುದರೊಳಗಾಗಿ ಎರಡು ಬದಲಾವಣೆಗಳು ಅನುಭವಕ್ಕೆ ಬರುತ್ತವೆ. ಮೈಗೆ ತಗಲುವ ಗಾಳಿ ತಂಪಾಗುತ್ತದೆ. ಕಿವಿಗೆ ಬೀಳುವ ಮಾತಿನಲ್ಲಿ ಕನ್ನಡ ಬೆರೆಯತೊಡಗುತ್ತದೆ. ಅಲ್ಲಿಂದ ಮುಂದೆ ತಾಳವಾಡಿಯ ಕಡೆಗೆ ಹೋದಂತೆ ಹೊಲ, ಸಂತೆ, ಮನೆಯ ಜಗಲಿ ಎಲ್ಲೆಲ್ಲಿಯೂ ಕನ್ನಡವೇ. ಆದರೂ ಅದು ತಮಿಳುನಾಡು, ಈರೋಡು ಜಿಲ್ಲೆ, ೨೦೧೬ರಿಂದೀಚೆಗೆ ತಾಳವಾಡಿಯೇ ಒಂದು ತಾಲ್ಲೂಕು. ಈ ಸೀಮೆಯ ಊರುಗಳಲ್ಲೊಂದು ಪಣಕಹಳ್ಳಿ. ಇಲ್ಲಿನವರಿಗೆ ಹತ್ತಿರದ ಪಟ್ಟಣ ಗಡಿಯಾಚೆಯ ಚಾಮರಾಜನಗರ. ಜಿಲ್ಲಾಧಿಕಾರಿಗಳ ಕಚೇರಿಯೋ, ಘಟ್ಟವಿಳಿದು ದಿನವೆಲ್ಲ ಕಳೆದು ಬರಬೇಕಾದಷ್ಟು ದೂರ.

ಇಂಥ ಊರಿನ ಮಧ್ಯಮಶಾಲೆಯ ವರ್ಷಾರಂಭವೆಂಬುದು ಸ್ಮರಣ ಸಂಚಿಕೆಗೆ ತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಮೈಸೂರು ಬೆಂಗಳೂರುಗಳಲ್ಲಿ ಶಾಲೆ ತೆರೆಯುವುದೆಂದರೆ ಹೊಸ ಪುಸ್ತಕ, ಹೊಸ ಸಮವಸ್ತ್ರ, ಮಳೆಗೆ ಒಂದು ಕೊಡೆ, ಅಷ್ಟಕ್ಕೆ ಮುಗಿಯಿತು. ಗಡಿನಾಡಿನಲ್ಲಿ ಹಾಗಲ್ಲ. ಯಾವ ದಿನ ಶಾಲೆ ತೆರೆಯಬೇಕು, ತೆರೆದಾಗ ಯಾವ ಭಾಷೆಯ ಪುಸ್ತಕ ಕೈಗೆ ಬರಬೇಕು, ತರಗತಿಯಲ್ಲಿ ಕನ್ನಡದ ಮಕ್ಕಳು ಎಷ್ಟು ಮಂದಿ ಇದ್ದರೆ ಕನ್ನಡದಲ್ಲಿ ಪಾಠ ನಡೆಯಬೇಕು ಎಂಬುದೆಲ್ಲವೂ ಬೇರೆಲ್ಲಿಯೋ ತೀರ್ಮಾನವಾಗುತ್ತ ಬಂದಿದೆ. ಅದರಲ್ಲಿಯೂ ಐದನೆಯ ತರಗತಿಯನ್ನು ಮುಗಿಸಿ ಆರಕ್ಕೆ ಕಾಲಿಡುವ ಮಗುವಿನ ಪಾಲಿಗೆ ಆ ಮೊದಲ ದಿನದ ಮಹತ್ವ ಎಷ್ಟೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ತಮಿಳಿನಲ್ಲಿ ಈ ಬಗೆಯ ಶಾಲೆಗೆ ‘ಊರಾಟ್ಚಿ ಒನ್ರಿಯ ನಡುನಿಲೈಪ್ಪಳ್ಳಿ’ ಎಂದು ಹೆಸರು; ಒಂದರಿಂದ ಎಂಟರವರೆಗೆ ತರಗತಿಗಳುಳ್ಳ ಪಂಚಾಯತ್ ಯೂನಿಯನ್ನಿನ ಶಾಲೆ ಎಂದರ್ಥ. ಅಲ್ಲಿನ ‘ಪಳ್ಳಿ’ ಎಂಬ ಮಾತೂ ಪಣಕಹಳ್ಳಿಯ ಕೊನೆಯಲ್ಲಿರುವ ‘ಹಳ್ಳಿ’ ಎಂಬ ಮಾತೂ ಮೂಲದಲ್ಲಿ ಒಂದೇ. ಹಳಗನ್ನಡದಲ್ಲಿ ಅದು ಪಳ್ಳಿಯಾಗಿಯೇ ಇದ್ದು, ತರುವಾಯ ಪಕಾರಕ್ಕೆ ಹಕಾರ ಬಂದು ಹಳ್ಳಿಯಾಯಿತು. ತಮಿಳರಲ್ಲಿ ಆ ಶಬ್ದವು ಊರು, ಜೈನಮುನಿಗಳ ನೆಲೆ, ಪಾಠಶಾಲೆ ಎಂದು ಹಲವು ಅರ್ಥಗಳನ್ನು ಪಡೆಯಿತು. ನಮ್ಮಲ್ಲಿ ಊರಾಗಿಯೇ ನಿಂತಿತು. ಎರಡು ನುಡಿಗಳೂ ಒಂದೇ ಬೇರಿನವೆಂಬುದನ್ನು ಮರೆತು ಈ ವಿಷಯವನ್ನು ಚರ್ಚಿಸುವವರು ಎರಡು ಕಡೆಯಲ್ಲಿಯೂ ಇರುವುದರಿಂದ ಇದನ್ನು ಮೊದಲೇ ಅರಿಕೆ ಮಾಡಿದ್ದೇನೆ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ರಾಜ್ಯ ಹಂಚಿಹೋದಾಗ ಕೊಯಮತ್ತೂರು ಸೀಮೆ ಕುಂಪಣಿ ಸರಕಾರದ ಪಾಲಿಗೆ ಬಂದಿತು. ಕೊಳ್ಳೇಗಾಲ, ಸತ್ಯಮಂಗಲ, ಘಟ್ಟದ ಮೇಲಣ ತಾಳವಾಡಿ ಎಲ್ಲವೂ ಅದರೊಡನೆ ಮದರಾಸಿಗೆ ಸೇರಿದುವು. ಕನ್ನಡದ ಊರುಗಳ ನಡುವೆ ಗೆರೆಯೊಂದು ಹಾದುಹೋದದ್ದು ಆಗಲೇ. ೧೯೫೬ನ್ನು ಮಾತ್ರ ಎತ್ತಿ ಆಡುವವರು ಈ ಮೊದಲಿನ ಗೆರೆಯನ್ನು ಗಮನಿಸುವುದು ಕಡಿಮೆ.

ಆ ಕಾಲದ ಶಾಲೆಗಳ ಸ್ಥಿತಿಯನ್ನು ತಿಳಿಯಲು ನಮಗೆ ಒಂದು ಅಮೂಲ್ಯವಾದ ಸಾಧನ ಉಳಿದಿದೆ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರ ಜೂನ್ ತಿಂಗಳಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರರಿಂದ ದೇಶೀಯ ಪಾಠಶಾಲೆಗಳ ವಿವರವನ್ನು ತರಿಸಿದನು. ಉದಕಮಂಡಲವನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ಜಾನ್ ಸಲಿವನ್ನನೇ ಆಗ ಕೊಯಮತ್ತೂರಿನ ಕಲೆಕ್ಟರು. ಅವನು ಆ ವರ್ಷದ ನವೆಂಬರಿನಲ್ಲಿ ಕಳುಹಿಸಿದ ಲೆಕ್ಕದ ಪ್ರಕಾರ ಜಿಲ್ಲೆಯಲ್ಲಿ ೭೬೩ ಶಾಲೆಗಳು, ೮,೨೦೬ ವಿದ್ಯಾರ್ಥಿಗಳು. ಹುಡುಗರು ಐದನೆಯ ವಯಸ್ಸಿಗೆ ಸೇರಿ ಹದಿಮೂರು ಹದಿನಾಲ್ಕರವರೆಗೆ ಕಲಿಯುತ್ತಿದ್ದರು. ಇಡೀ ಆಧಿಪತ್ಯದಲ್ಲಿ ೧೨,೪೯೮ ಶಾಲೆಗಳಿದ್ದುವೆಂದು ಮನ್ರೋ ೧೮೨೬ರಲ್ಲಿ ಬರೆದನು. ಸಾವಿರ ಜನಕ್ಕೆ ಹೆಚ್ಚುಕಡಿಮೆ ಒಂದು ಶಾಲೆ ಎಂದಾಯಿತು.

ಸಲಿವನ್ನನು ಅಂಕಿಗಳನ್ನು ಕೊಟ್ಟನೇ ಹೊರತು ಶಾಲೆಯೊಳಗೆ ಇಣಿಕಿ ನೋಡಿದಂತೆ ತೋರುವುದಿಲ್ಲ. ಆ ಕೆಲಸವನ್ನು ಮಾಡಿದವನು ಅದೇ ಮದರಾಸಿಗೆ ಸೇರಿದ್ದ ಬಳ್ಳಾರಿಯ ಕಲೆಕ್ಟರು ಎ. ಡಿ. ಕ್ಯಾಂಪ್‌ಬೆಲ್. ೧೮೨೩ರ ಆಗಸ್ಟಿನಲ್ಲಿ ಅವನು ಬರೆದ ವರದಿ ಕನ್ನಡ ಮತ್ತು ತೆಲುಗು ಶಾಲೆಗಳ ಪ್ರತ್ಯಕ್ಷ ಚಿತ್ರ. ನಮ್ಮ ಐಗಳ ಮಠ, ಕೂಲಿಮಠಗಳ ವಿಷಯವಾಗಿ ಹಿರಿಯರ ಬಾಯಲ್ಲಿ ಕೇಳಿದವರಿಗೆ ಅದನ್ನು ಓದುವಾಗ ಪರಿಚಿತರ ಮನೆಗೆ ಹೋದಂತಾಗುತ್ತದೆ. ಮಗುವಿಗೆ ಐದು ವರ್ಷ ತುಂಬಿದಾಗ ಮಗು ಶಾಲೆಗೆ ಹೋಗುವುದಕ್ಕೆ ಮುಂಚೆ ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಉಪಾಧ್ಯಾಯರೂ ಶಿಷ್ಯರೆಲ್ಲರೂ ಬಂದು ಗಣಪತಿಯ ಮೂರ್ತಿಯ ಸುತ್ತ ಕುಳಿತುಕೊಳ್ಳುವರು. ಧೂಪ ಹಾಕಿ, ಮಗುವಿಗೆ ಬುದ್ಧಿ ಕೊಡೆಂದು ಪ್ರಾರ್ಥಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಸುವರು. ಮರುದಿನದಿಂದ ಮರಳಿನ ಮೇಲೆ ಅಕ್ಷರ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಕೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬ ಗುರುತಿಗೆ. ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಬೆಳೆಯುವುದು. ಆ ಸೊನ್ನೆಯನ್ನು ಕಂಡುಹಿಡಿದ ಐಗಳು ಯಾರೋ, ಮಕ್ಕಳ ಮನಸ್ಸನ್ನು ಚೆನ್ನಾಗಿ ಬಲ್ಲವರಾಗಿರಬೇಕು.

ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡನು. ಇಂಗ್ಲೆಂಡಿನವರು ಅದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದನು. ಆದರೆ ಅವನು ಎತ್ತಿದ ಆಕ್ಷೇಪವೊಂದು ಈ ಲೇಖನಕ್ಕೆ ಹೆಚ್ಚು ಪ್ರಕೃತವಾದದ್ದು. ಶಾಲೆಯ ಪುಸ್ತಕಗಳು ಪದ್ಯದಲ್ಲಿದ್ದುವು. ಅವುಗಳ ಭಾಷೆಗೂ ಆಡುವ ಭಾಷೆಗೂ ಬಹಳ ದೂರ. ಹುಡುಗರು ನಿರರ್ಗಳವಾಗಿ ಓದುವರು, ಅರ್ಥ ಮಾತ್ರ ತಿಳಿಯದು. ಓದಿದ್ದು ತಿಳಿಯದಿದ್ದರೆ ಅದು ಕನ್ನಡವಾದರೇನು, ಬೇರೊಂದಾದರೇನು ಎಂಬ ಪ್ರಶ್ನೆ ಇನ್ನೂರು ವರ್ಷಗಳ ಹಿಂದೆಯೇ ಎದ್ದಿತ್ತು. ಬಡತನ ಹೆಚ್ಚಿ ಶಾಲೆಗಳು ಕ್ಷೀಣಿಸುತ್ತಿರುವುದನ್ನೂ ಅವನು ಮರೆಮಾಚದೆ ತಿಳಿಸಿದನು.

ಆಮೇಲೆ ಬಂದದ್ದು ಸರಕಾರದ ಶಾಲೆ. ೧೯೨೦ರ ಮದರಾಸು ಪ್ರಾಥಮಿಕ ಶಿಕ್ಷಣ ಶಾಸನ, ಡಿಸ್ಟ್ರಿಕ್ಟ್ ಬೋರ್ಡಿನ ಆಡಳಿತ ಇವುಗಳ ವಿವರಕ್ಕೆ ಇಲ್ಲಿ ಎಡೆಯಿಲ್ಲ. ವಿಜಯದಶಮಿಯ ಅಕ್ಷರಾಭ್ಯಾಸ ಮನೆಯ ಹಬ್ಬವಾಗಿ ಉಳಿಯಿತು. ಬೇಸಿಗೆಯ ರಜದ ತರುವಾಯ ಜೂನ್ ತಿಂಗಳು ಶಾಲೆಯ ವರ್ಷಾರಂಭವಾಯಿತು. ಬೇಸಾಯಗಾರನಿಗೆ ಈ ತಿಂಗಳು ಅನುಕೂಲವಾದದ್ದೇನೂ ಅಲ್ಲ. ಮುಂಗಾರು ಹಿಡಿದು ಹೊಲದಲ್ಲಿ ಕೆಲಸ ಕೂಡಿಕೊಂಡಿರುವಾಗ, ದನ ಕಾಯುವ ಹುಡುಗನನ್ನೂ ಕೂಸು ಆಡಿಸುವ ಹುಡುಗಿಯನ್ನೂ ಶಾಲೆಗೆ ಕಳುಹಿಸುವುದು ಸುಲಭವಾಗಿರಲಿಲ್ಲ. ೧೯೫೩ರಲ್ಲಿ ರಾಜಾಜಿಯವರ ಸರಕಾರವು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಮೂರೇ ಗಂಟೆಗಳ ಪಾಠವಿಟ್ಟು, ಉಳಿದ ಹೊತ್ತನ್ನು ಮನೆಯ ಕಸುಬಿಗೆ ಬಿಡುವ ಯೋಜನೆಯನ್ನು ತಂದಿತು. ಕುಲಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಉಪಾಯವಿದೆಂದು ದೊಡ್ಡ ವಿರೋಧ ಎದ್ದು, ೧೯೫೪ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದೊಡನೆ ಅದು ರದ್ದಾಯಿತು. ಅವರ ಕಾಲದಲ್ಲಿಯೇ ಬಡಮಕ್ಕಳಿಗೆ ಮಧ್ಯಾಹ್ನದ ಊಟವೂ ಆರಂಭವಾಯಿತು. ಬೆಟ್ಟದ ಸೀಮೆಯ ಶಾಲೆಗಳನ್ನು ತುಂಬಿಸುವುದರಲ್ಲಿ ಆ ಊಟ ಮಾಡಿದಷ್ಟು ಉಪಕಾರವನ್ನು ಯಾವ ಉಪನ್ಯಾಸವೂ ಮಾಡಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇನ್ನು ೧೯೫೬. ಆ ವರ್ಷದ ಜೂನಿನಲ್ಲಿ ಕೊಳ್ಳೇಗಾಲದ ಮಗುವೂ ತಾಳವಾಡಿಯ ಮಗುವೂ ಒಂದೇ ಕೊಯಮತ್ತೂರು ಜಿಲ್ಲೆಯ, ಒಂದೇ ಮದರಾಸು ಇಲಾಖೆಯ ಶಾಲೆಗಳಲ್ಲಿ ಹೊಸ ತರಗತಿಗೆ ಕುಳಿತರು. ಶಾಲಾವರ್ಷ ಇನ್ನೂ ಅರ್ಧದಲ್ಲಿರುವಾಗಲೇ, ನವೆಂಬರ್ ೧ರಂದು, ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಹಿಂದಿನ ವರ್ಷದ ಸೆಪ್ಟೆಂಬರ್ ೩೦ರಂದು ವರದಿಯೊಪ್ಪಿಸಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು ಸಾಮಾನ್ಯವಾಗಿ ಜಿಲ್ಲೆಯನ್ನೂ ಕೆಲವೆಡೆ ತಾಲ್ಲೂಕನ್ನೂ ಘಟಕವಾಗಿ ಹಿಡಿಯಿತೇ ಹೊರತು, ಅದಕ್ಕೂ ಚಿಕ್ಕದಾದ ಹೋಬಳಿ, ಹಳ್ಳಿಗಳ ಲೆಕ್ಕಕ್ಕೆ ಇಳಿಯಲು ಇಷ್ಟಪಡಲಿಲ್ಲ. ತಾಳವಾಡಿ ತಾನೇ ಒಂದು ತಾಲ್ಲೂಕಾಗಿರಲಿಲ್ಲ. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗಕ್ಕೂ ಈ ಸೀಮೆ ವಿಚಾರದ ವಿಷಯವಾಗಲಿಲ್ಲ. ತಾಲ್ಲೂಕೆಂಬ ಪದವಿ ದೊರೆಯುವ ಹೊತ್ತಿಗೆ ಅರುವತ್ತು ವರ್ಷಗಳು ಕಳೆದಿದ್ದುವು.

ಗೆರೆ ಎಳೆದವರು ಗೆರೆಯಾಚೆ ಉಳಿದವರಿಗೆ ಕೆಲವು ಭರವಸೆಗಳನ್ನೂ ಕೊಟ್ಟರು. ೧೯೪೯ರ ಆಗಸ್ಟಿನಲ್ಲಿ ಕೂಡಿದ್ದ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು, ಶಾಲೆಯಲ್ಲಿ ೪೦ ಮಂದಿ ಅಥವಾ ತರಗತಿಯೊಂದರಲ್ಲಿ ೧೦ ಮಂದಿ ಒಂದೇ ಮಾತೃಭಾಷೆಯ ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲಿ ಕಲಿಸಲು ಉಪಾಧ್ಯಾಯರನ್ನು ನೇಮಿಸಬೇಕೆಂದು ಒಪ್ಪಿತ್ತು. ೧೯೫೬ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ೩೫೦-ಎ ವಿಧಿ ಬಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸುವುದು ರಾಜ್ಯಗಳ ಕರ್ತವ್ಯವೆಂದಾಯಿತು. ಇದನ್ನೆಲ್ಲ ನೋಡಿಕೊಳ್ಳಲು ೩೫೦-ಬಿ ವಿಧಿಯ ಮೇರೆಗೆ ಒಬ್ಬ ಕಮಿಷನರೂ ನೇಮಕವಾದರು. ಪ್ರೌಢಶಾಲೆಯ ವಿಷಯದಲ್ಲಿ ದಕ್ಷಿಣದ ರಾಜ್ಯಗಳು ಒಪ್ಪಿಕೊಂಡ ಲೆಕ್ಕ ಬೇರೆ: ಎಂಟರಿಂದ ಹನ್ನೊಂದರವರೆಗಿನ ನಾಲ್ಕು ತರಗತಿಗಳಲ್ಲಿ ಒಟ್ಟು ೬೦, ತರಗತಿಯೊಂದಕ್ಕೆ ೧೫.

ವಾಚಕರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಂವಿಧಾನದ ವಿಧಿ ಆಡುವುದು ಪ್ರಾಥಮಿಕ ಹಂತದ ಮಾತನ್ನು. ಪ್ರೌಢ ಹಂತದ ಲೆಕ್ಕ ಮೊದಲಾಗುವುದು ಎಂಟನೆಯ ತರಗತಿಯಿಂದ. ಆರು ಮತ್ತು ಏಳು ಈ ಎರಡರ ನಡುವಣ ಸಂದಿಯಲ್ಲಿ ಬೀಳುತ್ತವೆ. ಮಧ್ಯಮಶಾಲೆ ಎಂಬ ಹೆಸರಿಗೆ ಇಷ್ಟು ಸರಿಯಾದ ಅರ್ಥ ಬಂದೀತೆಂದು ಆ ಹೆಸರನ್ನಿಟ್ಟವರು ನೆನೆಸಿರಲಾರರು. ಒಂದೇ ಕಟ್ಟಡ, ಒಂದೇ ಅಂಗಳ, ಅದೇ ಉಪಾಧ್ಯಾಯರು. ಐದನೆಯ ತರಗತಿಯ ಕೊಠಡಿಯಿಂದ ಆರನೆಯದಕ್ಕೆ ನಡೆದುಹೋಗುವ ಮಗುವಿಗೆ ಇದಾವುದೂ ಗೊತ್ತಾಗುವುದಿಲ್ಲ. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಶಾಸನವು ಎಂಟನೆಯ ತರಗತಿಯವರೆಗೂ ಬೋಧನೆ ಮಾತೃಭಾಷೆಯಲ್ಲಿರಬೇಕೆಂದು ಹೇಳಿ ಈ ಸಂದಿಯನ್ನು ಮುಚ್ಚಲು ಯತ್ನಿಸಿತು. ಆದರೆ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತನ್ನು ಅದರೊಡನೆ ಸೇರಿಸಿತು. ಕಚೇರಿಗಳ ಅನುಭವವಿರುವವರಿಗೆ ಆ ಮಾತಿನ ಭಾರ ತಿಳಿದೇ ಇದೆ.

ಇನ್ನೊಂದು ಭರವಸೆಯನ್ನು ನಮ್ಮ ಜನ ಅಷ್ಟಾಗಿ ಬಲ್ಲವರಲ್ಲ. ಶಾಲಾವರ್ಷ ಆರಂಭವಾಗುವುದಕ್ಕೆ ಮೂರು ತಿಂಗಳು ಮುಂಚೆಯೇ ಶಾಲೆಗಳಲ್ಲಿ ಒಂದು ರಿಜಿಸ್ಟರನ್ನು ತೆರೆದು, ಯಾವ ಮಗುವಿಗೆ ಯಾವ ಭಾಷೆಯಲ್ಲಿ ಪಾಠ ಬೇಕೆಂದು ತಂದೆತಾಯಿಗಳಿಂದ ಬರೆಸಿಕೊಳ್ಳತಕ್ಕದ್ದೆಂಬ ನಿಯಮವೂ ಆ ಒಪ್ಪಂದಗಳಲ್ಲಿ ಸೇರಿತ್ತು. ಕಮಿಷನರ ವರದಿಗಳಲ್ಲಿ ಅದರ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಯ ಅರ್ಜಿಗಳೊಡನೆ ಕೂಡಿಸಿ ಏರ್ಪಾಡು ಮಾಡುವುದು ಅದರ ಉದ್ದೇಶ. ಹಾಗೆ ನೋಡಿದರೆ ಪಣಕಹಳ್ಳಿಯಂಥ ಊರಿನಲ್ಲಿ ಶಾಲೆಯ ವರ್ಷ ಮೊದಲಾಗುವುದು ಮಾರ್ಚ್ ತಿಂಗಳಲ್ಲಿ. ಚಿಕ್ಕ ಊರಿನ ತರಗತಿಯಲ್ಲಿ ಹತ್ತು ಎಂಬುದು ದೊಡ್ಡ ಸಂಖ್ಯೆ. ಒಬ್ಬನನ್ನು ಇಂಗ್ಲಿಷ್ ಶಾಲೆಯ ವಾಹನ ಕರೆದೊಯ್ದರೆ, ಇನ್ನೊಬ್ಬಳು ಚಾಮರಾಜನಗರದ ನೆಂಟರ ಮನೆಯಲ್ಲಿ ನಿಂತು ಓದಲು ಹೋದರೆ, ಹತ್ತು ಎಂಟಾಗುತ್ತದೆ. ಸರಕಾರವನ್ನು ದೂರುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ; ಆ ಇಬ್ಬರನ್ನು ಕಳುಹಿಸಿದವರು ನಾವೇ ಎಂಬುದನ್ನು ಮಾತ್ರ ಸಂಘದ ಸಭೆಗಳಲ್ಲಿ ಹೇಳುವುದು ಅಪರೂಪ.

೧೯೫೮ರ ಪಂಚಾಯತ್ ಶಾಸನದ ತರುವಾಯ ಹಳ್ಳಿಯ ಶಾಲೆಗಳು ಪಂಚಾಯತ್ ಯೂನಿಯನ್ನುಗಳ ಕೈಗೆ ಬಂದುವು. ೧೯೬೮ರ ಜನವರಿಯಲ್ಲಿ ಮದರಾಸು ಸರಕಾರ ಎರಡು ಭಾಷೆಗಳ ನೀತಿಯನ್ನು ಕೈಗೊಂಡಿತು. ಅದು ಹಿಂದಿಯನ್ನು ದೂರವಿಡುವುದಕ್ಕಾಗಿ ಆದದ್ದು. ಆದರೆ ತಮಿಳು, ಇಂಗ್ಲಿಷ್ ಎಂಬ ಎರಡೇ ಗೂಡುಗಳಿರುವ ಕಪಾಟಿನಲ್ಲಿ ಮನೆಮಾತು ಕನ್ನಡವಾದವನ ಪುಸ್ತಕವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಆಗಲೇ ಹುಟ್ಟಿತು. ೨೦೦೬ರ ತಮಿಳು ಕಲಿಕೆಯ ಶಾಸನವು ಆ ವರ್ಷದ ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಮೊದಲನೆಯ ಭಾಷೆಯಾಗಿ ಕಡ್ಡಾಯ ಮಾಡಿತು. ಮಾತೃಭಾಷೆ ಬೇರೆಯಾದವರಿಗೆ ಅದನ್ನು ನಾಲ್ಕನೆಯ ಭಾಗದಲ್ಲಿ ಐಚ್ಛಿಕವಾಗಿ ಕಲಿಯುವ ಅವಕಾಶವನ್ನಿಟ್ಟಿತು. ಆ ಅಲೆ ಆರನೆಯ ತರಗತಿಗೆ ಮುಟ್ಟಿದ್ದು ೨೦೧೧ರ ಶಾಲಾರಂಭದಲ್ಲಿ, ಹತ್ತನೆಯದಕ್ಕೆ ೨೦೧೫ರಲ್ಲಿ. ಅಲ್ಲಿಂದ ಮುಂದೆ ವರ್ಷ ವರ್ಷವೂ ನ್ಯಾಯಾಲಯದ ಬಾಗಿಲು. ೨೦೨೩ರ ಫೆಬ್ರವರಿ ೬ರಂದು ಸರ್ವೋಚ್ಚ ನ್ಯಾಯಾಲಯವು ಭಾಷಾ ಅಲ್ಪಸಂಖ್ಯಾತರ ಶಾಲೆಗಳ ಹತ್ತನೆಯ ತರಗತಿಯವರಿಗೆ ತಮಿಳು ಪತ್ರಿಕೆಯಿಂದ ವಿನಾಯಿತಿ ಕೊಟ್ಟಿತು. ಅದೂ ಆ ವರ್ಷದ ಪರೀಕ್ಷೆಗೆ ಮಾತ್ರ.

ತಮಿಳು ಕಲಿಯಬಾರದೆಂದು ಹೇಳುವವರಲ್ಲಿ ನಾನು ಸೇರಿದವನಲ್ಲ. ಪಹಣಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಘಟ್ಟವಿಳಿದು ಹೋಗಲೇಬೇಕಾದ ಮಗುವಿಗೆ ತಮಿಳು ಬೇಕು, ಚೆನ್ನಾಗಿಯೇ ಬೇಕು. ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತಮಿಳನ್ನೂ ಆಡುವ ಮಕ್ಕಳಿಗೆ ಅದು ಕಷ್ಟವೂ ಅಲ್ಲ. ಆಕ್ಷೇಪವಿರುವುದು ಗಣಿತ, ವಿಜ್ಞಾನಗಳನ್ನು ಯಾವ ಮಾತಿನಲ್ಲಿ ತಿಳಿಯಬೇಕೆಂಬುದರ ಬಗ್ಗೆ. ಆರನೆಯ ತರಗತಿಯಲ್ಲಿ ಭಿನ್ನರಾಶಿ ಗಟ್ಟಿಯಾಗಬೇಕು, ಬೀಜಗಣಿತ ಮೊದಲಾಗಬೇಕು. ಆ ಹೊತ್ತಿನಲ್ಲಿ ಕನ್ನಡ ಬಲ್ಲ ಉಪಾಧ್ಯಾಯರ ಸ್ಥಾನ ಖಾಲಿ ಬಿದ್ದರೆ ಮಗು ಕ್ಯಾಂಪ್‌ಬೆಲ್ ಕಂಡ ಬಳ್ಳಾರಿಯ ಹುಡುಗನಂತೆ ಓದುತ್ತದೆ, ತಿಳಿಯುವುದಿಲ್ಲ.

ಶಾಲೆಯಿಂದಲೇ ಕನ್ನಡ ಉಳಿಯುತ್ತದೆಯೇ, ಗಾಜನೂರಿನ ರಾಜಕುಮಾರರು ಎಷ್ಟು ಓದಿದ್ದರು ಎಂದು ಕೇಳುವ ಹಿರಿಯರಿದ್ದಾರೆ. ನಿಜ, ಇದೇ ತಾಳವಾಡಿ ಸೀಮೆಯ ಗಾಜನೂರಿನವರಾದ, ೧೯೨೯ರಲ್ಲಿ ಹುಟ್ಟಿದ ಆ ಮಹನೀಯರು ಕೆಳಗಿನ ತರಗತಿಗಳಲ್ಲಿಯೇ ಶಾಲೆಯನ್ನು ಬಿಟ್ಟವರು. ಆದರೆ ಅವರಿಗೆ ತಂದೆಯವರೊಡನೆ ಗುಬ್ಬಿ ಕಂಪೆನಿಯೆಂಬ ಇನ್ನೊಂದು ಶಾಲೆ ದೊರೆಯಿತು. ನಾಟಕದ ಮಾತುಗಳು ನಾಲಿಗೆಯನ್ನು ತಿದ್ದ ತಕ್ಕ ಕಾಲ ಅದು. ಈ ಸೀಮೆಯ ಮನೆಗಳಲ್ಲಿ ದೇವರಗುಡ್ಡರು ಹಾಡುವ ಮಾದೇಶ್ವರನ ಕಥೆಯೂ ನೀಲಗಾರರ ಮಂಟೇಸ್ವಾಮಿಯ ಕಥೆಯೂ ಮಕ್ಕಳ ಕಿವಿಗೆ ಬಿದ್ದ ಕಾಲವೂ ಹೌದು. ಈಗಿನ ಹುಡುಗನಿಗೆ ಕನ್ನಡದ ಬರಹ ಕೈಗೆ ಬರುವುದು ಪಠ್ಯಪುಸ್ತಕದ ಮೂಲಕವೇ. ಅದನ್ನು ಅಚ್ಚು ಮಾಡಿಸುವುದು ತಮಿಳುನಾಡು ಪಠ್ಯಪುಸ್ತಕ ಸಂಸ್ಥೆ. ಸಹಜವಾಗಿಯೇ ತಮಿಳಿನಿಂದ ಬಂದ ವಾಕ್ಯಗಳು, ತಮಿಳುನಾಡಿನ ಚರಿತ್ರೆ. ಅದನ್ನು ತಪ್ಪೆನ್ನಲಾರೆ. ತಾನಿರುವ ರಾಜ್ಯದ ಚೋಳ ಪಾಂಡ್ಯರನ್ನು ಮಗು ತಿಳಿಯಬೇಕಾದ್ದೇ. ತನ್ನ ಸೀಮೆಯನ್ನಾಳಿದ ಗಂಗರು ಹೊಯ್ಸಳರು ಯಾರೆಂಬುದನ್ನು ನಮ್ಮ ಸಂಘವಾದರೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಟ್ಟರೆ ಉಪಕಾರವಾದೀತು.

ಶಾಲೆ ತೆರೆಯುವ ದಿನದ ವಿಷಯವನ್ನು ಹೇಳಿ ಮುಗಿಸುತ್ತೇನೆ. ೨೦೨೩ರಲ್ಲಿ ಬಿಸಿಲು ವಿಪರೀತವೆಂದು ತಮಿಳುನಾಡಿನ ಶಾಲೆಗಳ ಆರಂಭವನ್ನು ಮುಂದೂಡಲಾಯಿತು. ಆರರಿಂದ ಮೇಲಿನವರಿಗೆ ಜೂನ್ ೧೨, ಒಂದರಿಂದ ಐದರವರಿಗೆ ಜೂನ್ ೧೪. ಬಿಸಿಲು ಈರೋಡಿನ ಬಯಲಿನದು, ರಜ ಘಟ್ಟದ ಮೇಲಿನವರಿಗೂ. ಒಂದೇ ಮಧ್ಯಮಶಾಲೆಗೆ ಅಕ್ಕ ಸೋಮವಾರ ಹೋದಳು, ತಮ್ಮ ಬುಧವಾರ ಹೋದನು. ಐದರಾಚೆಯ ಗೆರೆ ಇಲ್ಲಿಯೂ ಕಾಣಿಸಿಕೊಂಡಿತು. ೨೦೨೨ರ ಸೆಪ್ಟೆಂಬರಿನಲ್ಲಿ ಆರಂಭವಾದ ಬೆಳಗಿನ ಉಪಾಹಾರದ ಯೋಜನೆಯೂ ಐದನೆಯ ತರಗತಿಯವರೆಗೆಂದೇ ಗೊತ್ತಾಯಿತು. ಗಡಿಯಾಚೆಯ ಕರ್ನಾಟಕದ ಶಾಲೆಗಳು ಸಾಮಾನ್ಯವಾಗಿ ಮೇ ತಿಂಗಳ ಕೊನೆಗೇ ತೆರೆಯುತ್ತವೆ. ೨೦೨೫ರಲ್ಲಿ ಅಲ್ಲಿ ಮೇ ೨೯, ಇಲ್ಲಿ ಜೂನ್ ೨. ನಡುವೆ ನಾಲ್ಕು ದಿನ. ಆರನೆಯ ತರಗತಿಗೆ ಹತ್ತನೆಯವನಾಗಬೇಕಾದ ಹುಡುಗ ಮಾವನ ಜೊತೆ ಬಸ್ಸು ಹತ್ತಿ ಚಾಮರಾಜನಗರದ ಶಾಲೆಗೆ ಸೇರಿಬಿಡಲು ಅಷ್ಟು ದಿನ ಸಾಕು. ಅವನಿಗೇನೋ ಅಲ್ಲಿ ಕನ್ನಡ ದೊರೆಯಿತು; ಪಣಕಹಳ್ಳಿಯಂಥ ಊರಿನಲ್ಲಿ ಉಳಿದ ಒಂಬತ್ತು ಮಂದಿಯ ಲೆಕ್ಕವನ್ನು ಜೂನಿನಲ್ಲಿ ಯಾರಾದರೂ ಮತ್ತೆ ಎಣಿಸಬೇಕಾಗುತ್ತದೆ.